ಮಿಕ್ಸರ್‌ನಲ್ಲಿ ಐದನೇ ಒಂದು ಪಾಲು

ಬ್ಯಾಂಡ್ ಕಟ್ಟುವಾಗ ಸಾಮಾನು ಯಾರದ್ದು ಅಂತ ಯಾರೂ ಕೇಳುವುದಿಲ್ಲ. ಒಬ್ಬ ಬಿಟ್ಟು ಹೊರಟಾಗಲೇ ಆ ಮಾತು ಏಳುವುದು. ಊರಲ್ಲಿದ್ದಾಗ ನಾವು ಐವರು ದುಡ್ಡು ಹಾಕಿ ಮಿಕ್ಸರ್ (ಮೈಕು, ವಾದ್ಯಗಳ ಸದ್ದು ಬೆರೆಸುವ ಯಂತ್ರ), ಸ್ಪೀಕರ್, ಮೈಕ್ ಎಲ್ಲ ಕೊಂಡಿದ್ದೆವು. ಸ್ನೇಹಿತರ ಮಧ್ಯೆ ಲೆಕ್ಕ ಯಾಕೆ, ಅಲ್ವಾ? ಆಮೇಲೆ ಡ್ರಮ್ಸ್ ನುಡಿಸುವವನು ಬೇರೆ ಕೆಲಸಕ್ಕೆ ಹೊರಟ, ತನ್ನ ಪಾಲು ಕೇಳಿದ. ಅವನ ಲೆಕ್ಕ ಬಿಲ್ಲಿನ ಬೆಲೆಯದ್ದು, ನಮ್ಮದು ಸೆಕೆಂಡ್ ಹ್ಯಾಂಡ್ ಬೆಲೆಯದ್ದು. ಎರಡೂ ತಪ್ಪಲ್ಲ. ಆದರೆ ಮಿಕ್ಸರನ್ನು ಐದು ತುಂಡು ಮಾಡೋಕಾಗುತ್ತಾ?

ಈಗ ನಾನಿರುವ ಇಂಗ್ಲೆಂಡಿನ ಬ್ಯಾಂಡಿನಲ್ಲಿ ಒಂದು ವಸ್ತುವಿಗೆ ಒಬ್ಬನೇ ಯಜಮಾನ. ವಸ್ತು, ಸೀರಿಯಲ್ ನಂಬರ್, ಕೊಂಡ ವರ್ಷ, ಯಾರದ್ದು, ಎಲ್ಲ ಒಂದು ಹಾಳೆಯಲ್ಲಿದೆ. ಕೇಬಲ್ಲಿನ ತುದಿಗೂ ಬಣ್ಣದ ಟೇಪ್: ನೀಲಿ ಬಾಸ್‌ನವನದ್ದು, ಹಳದಿ ನನ್ನದು. ರಾತ್ರಿ ಶೋ ಮುಗಿದು ಸುಸ್ತಾಗಿ ಸಾಮಾನು ಕಟ್ಟುವಾಗ ಆ ಟೇಪಿನ ಬೆಲೆ ಗೊತ್ತಾಗುತ್ತದೆ.

ಮೊದಮೊದಲು ನನಗೆ ಇದು ತೀರಾ ಒಣ ವ್ಯವಹಾರ ಅನಿಸಿತ್ತು. ಆದರೆ ಬರೆದಿಡದೆ ಇದ್ದರೂ ಕಾನೂನು ಸುಮ್ನೆ ಕೂರಲ್ಲ. ದುಡ್ಡಿಗೆ ಶೋ ಮಾಡಿ ಲಾಭ ಹಂಚಿಕೊಳ್ಳುವ ಬ್ಯಾಂಡನ್ನು ಪಾಲುದಾರಿಕೆ ಅಂತ ನೋಡಬಹುದು. ಇಲ್ಲಿನ 1890ರ ಪಾಲುದಾರಿಕೆ ಕಾಯ್ದೆ, ನಮ್ಮ ಭಾರತದ 1932ರ ಪಾಲುದಾರಿಕೆ ಕಾಯ್ದೆ, ಎರಡರಲ್ಲೂ ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ನಷ್ಟ ಸಮಪಾಲು. ಬ್ಯಾಂಡಿನ ದುಡ್ಡಲ್ಲಿ ಕೊಂಡದ್ದು ಸಾಮಾನ್ಯವಾಗಿ ಬ್ಯಾಂಡಿನದ್ದೇ, ಬಿಲ್ ಯಾರ ಹೆಸರಲ್ಲಿದ್ದರೂ.

ಹಾಗಂತ ಇಲ್ಲಿನ ಪದ್ಧತಿಯೂ ನನಗೆ ಪೂರ್ತಿ ಹಿಡಿಸಿಲ್ಲ. ಸ್ಪೀಕರ್ ಇದ್ದವನೇ ದೊಡ್ಡಮನುಷ್ಯ ಆಗಿಬಿಡುತ್ತಾನೆ. ಅವನು ಮುಖ ಗಂಟು ಹಾಕಿಕೊಂಡರೆ ಶೋನೇ ಇಲ್ಲ. ಊರಲ್ಲಿ ಒಂದು ಮೈಕ್ ಬೇಕಂದ್ರೆ ಎತ್ತಿಕೊಂಡು ಹೋಗುತ್ತಿದ್ದೆವು, ಇಲ್ಲಿ ಮೆಸೇಜ್ ಹಾಕಿ ಕಾಯಬೇಕು. ಆ ಸಲುಗೆ ಹೋಯಿತಲ್ಲ ಅಂತ ಬೇಜಾರಿದೆ.

ನನ್ನ ಪ್ರಕಾರ ಎರಡನ್ನೂ ಬೆರೆಸಬೇಕು. ಮಿಕ್ಸರ್, ಸ್ಪೀಕರಿನಂಥ ದೊಡ್ಡ ಸಾಮಾನು ಒಬ್ಬನ ಹೆಸರಲ್ಲೇ ಇರಲಿ, ಆದರೆ ಅವನಿಗೆ ಬಾಡಿಗೆ ಕೊಡಿ. ಐದು ಜನ ಇದ್ದರೆ ಶೋ ದುಡ್ಡನ್ನು ಆರು ಭಾಗ ಮಾಡಿ, ಆರನೆಯದು ಸಾಮಾನಿಗೆ. ಕೆಟ್ಟರೆ ರಿಪೇರಿಯೂ ಅವನದ್ದೇ. ಆಗ ವಾಲ್ಯೂಮ್ ಜಾಸ್ತಿ ಮಾಡಿ ಸ್ಪೀಕರ್ ಸುಟ್ಟವರು ಯಾರು ಅನ್ನೋ ಪಂಚಾಯ್ತಿಯೂ ಕಮ್ಮಿ. ಕೇಬಲ್, ಬ್ಯಾಟರಿ, ಟೇಪಿನಂಥ ಚಿಲ್ಲರೆ ಸಾಮಾನು ಹಂಚುವ ಮೊದಲೇ ಶೋ ದುಡ್ಡಲ್ಲಿ ಬರಲಿ. ಬಿಟ್ಟು ಹೋಗುವವನು ಅದರಲ್ಲಿ ಪಾಲು ಕೇಳಬಾರದು.

ಜಂಟಿಯಾಗೇ ಕೊಳ್ಳುವ ಹಟ ಇದ್ದರೆ, ಹೊರಡುವ ದಿನದ ಸೆಕೆಂಡ್ ಹ್ಯಾಂಡ್ ಬೆಲೆಗೆ ಪಾಲು ಬಿಡಿಸಿಕೊಳ್ಳುವುದು, ಎಷ್ಟು ಕಂತಿನಲ್ಲಿ ಅಂತ ಮೊದಲೇ ಬರೆಯುವುದು. ಇನ್ಶೂರೆನ್ಸ್ ಯಾರ ಹೆಸರಲ್ಲಿ ಅಂತಲೂ ಆಗಲೇ ತೀರ್ಮಾನಿಸಿ. ಮನೆಯ ಪಾಲಿಸಿಗಳಲ್ಲಿ ಎಷ್ಟೋ ಸಲ ದುಡ್ಡಿನ ಶೋಗೆ ಒಯ್ದ ಸಾಮಾನಿಗೆ ರಕ್ಷಣೆ ಇರುವುದಿಲ್ಲ. ವ್ಯಾನಿನಿಂದ ಸ್ಪೀಕರ್ ಕಳುವಾದ ಮೇಲೆ ಪಾಲಿಸಿ ಬಿಚ್ಚಿ ಓದಿದರೆ ಏನು ಬಂತು?