ಪಾರ್ಕರ್ ಸರಣಿ: ಒಂದು ಸ್ಪಷ್ಟನೆ

ವೃತ್ತಿಪರ ಕಳ್ಳ ಪಾರ್ಕರ್‌ನ ಕಾದಂಬರಿಗಳನ್ನು ರಿಚರ್ಡ್ ಸ್ಟಾರ್ಕ್ ಮೊದಲಿನಿಂದಲೂ ಸರಣಿಯೆಂದೇ ಯೋಜಿಸಿದ್ದರು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಸ್ಟಾರ್ಕ್ ಎಂಬುದು ಅಮೆರಿಕದ ಲೇಖಕ ಡೊನಾಲ್ಡ್ ವೆಸ್ಟ್‌ಲೇಕ್ ಅವರ ಕಾವ್ಯನಾಮ. 1962ರ ‘ದಿ ಹಂಟರ್’ ಒಂದೇ ಪುಸ್ತಕಕ್ಕೆ ಮುಗಿಯಬೇಕಿತ್ತು. ಮೊದಲ ಪುಟದಲ್ಲೇ ಪಾರ್ಕರ್ ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲೆ ನಡೆದು ಬರುತ್ತಾನೆ. ಕಾರು ಹತ್ತಿಸಿಕೊಳ್ಳಲು ಬಂದವನನ್ನು ಬೈದಟ್ಟುತ್ತಾನೆ. ಎಂಥ ಆರಂಭ! ಆದರೆ ಹಸ್ತಪ್ರತಿಯ ಕೊನೆಯಲ್ಲಿ ಅವನು ಸಿಕ್ಕಿಬೀಳುತ್ತಿದ್ದ. ಅವನನ್ನು ತಪ್ಪಿಸಿಕೊಳ್ಳಲು ಬಿಡಿ, ಇನ್ನಷ್ಟು ಬರೆಯಿರಿ ಎಂದು ಕೇಳಿದವರು ಪಾಕೆಟ್ ಬುಕ್ಸ್‌ನ ಸಂಪಾದಕ ಬಕ್ಲಿನ್ ಮೂನ್. ಅವರ ಪಾಲನ್ನು ಮರೆಯುವುದು ಅನ್ಯಾಯ. ವೆಸ್ಟ್‌ಲೇಕ್ ಅಂತ್ಯ ಬದಲಿಸಿದರು. 1974ರ ನಂತರ ಸರಣಿ ನಿಂತು, 1997ರಲ್ಲಿ ಮತ್ತೆ ಶುರುವಾಗಿ, 2008ರ ಹೊತ್ತಿಗೆ 24 ಕಾದಂಬರಿಗಳಾದವು.