ಗೇರ್ ಯಾವಾಗ ಅನ್ನೋದು ಕೈಗೇ ಬಿಡಿ
‘ಡ್ರ್ಯಾಗ್ ರೇಸ್‌ನಲ್ಲಿ (ನೇರ ದಾರಿಯ ಚಿಕ್ಕ ಓಟದಲ್ಲಿ) ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಕೈಯಲ್ಲಿ ಬದಲಿಸಿದರೆ ಸಮಯ ಹಾಳು’ ಅಂತ ಬರೆದಿದ್ದೀರಿ. ಇದನ್ನು ಒಪ್ಪೋಕಾಗಲ್ಲ ಸರ್. ಮ್ಯಾನ್ಯುಯಲ್ ವಾಲ್ವ್ ಬಾಡಿ (ಆಯಿಲ್ ಯಾವ ಗೇರ್‌ಗೆ ಹೋಗಬೇಕು ಅನ್ನೋದನ್ನು ಲಿವರ್‌ನಿಂದಲೇ ತಿರುಗಿಸೋ ಭಾಗ) ಹಾಕಿದರೂ ಒಳಗೆ ಅವೇ ಕ್ಲಚ್ ಪ್ಲೇಟು, ಅವೇ ಬ್ಯಾಂಡು. ಗೇರ್ ಹಿಡಿಸೋದು ಆಯಿಲ್ ಒತ್ತಡವೇ. ಯಾವಾಗ ಅನ್ನೋದನ್ನು ಮಾತ್ರ ಗವರ್ನರ್ (ಗಾಡಿಯ ವೇಗ ನೋಡಿ ಗೇರ್ ಬದಲಿಸಲು ಸೂಚಿಸೋ ವಾಲ್ವ್) ಬದಲು ನಮ್ಮ ಕೈ ಹೇಳುತ್ತದೆ.

ಪುಣೆಯ ಭೋಸರಿಯಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಹಳೇ ಗವರ್ನರ್ ಬಿಚ್ಚಿ ನೋಡಿದ್ದೇನೆ. ಪುಟ್ಟ ಸ್ಪ್ರಿಂಗ್ ಸೋತಿತ್ತು, ವಾಲ್ವ್‌ಗೆ ಕಪ್ಪು ಜಿಡ್ಡು ಅಂಟಿತ್ತು. ಅದನ್ನು ನಂಬಿದರೆ ಒಂದು ಓಟದಲ್ಲಿ ಗೇರ್ ಬೇಗ, ಇನ್ನೊಂದರಲ್ಲಿ ತಡ. 402 ಮೀಟರ್ ಓಟಕ್ಕೆ ಅಷ್ಟು ವ್ಯತ್ಯಾಸವೇ ಜಾಸ್ತಿ ಅಲ್ವಾ? ಪವರ್‌ಗ್ಲೈಡ್ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಇರೋದೇ 2 ಗೇರ್, ಬದಲಿಸೋದು ಒಂದೇ ಸಲ. ಗೇರ್ ಬದಲಿಸೋ ಸಮಯ ತೋರಿಸೋ ಶಿಫ್ಟ್ ಲೈಟ್ ಹೊತ್ತಿದ ಕೂಡಲೇ ಲಿವರ್ ಎಳೆಯಿರಿ, ಸಾಕು. ದಿನಾ ಟ್ರಾಫಿಕ್‌ನಲ್ಲಿ ಓಡೋ ಗಾಡಿಗೆ ಮಾತ್ರ ಈ ಮ್ಯಾನ್ಯುಯಲ್ ವಾಲ್ವ್ ಬಾಡಿ ಹಾಕಬೇಡಿ.