ಆರು ಊರಿನ ಮಳೆ, ಒಂದೇ ಬೂದು ಬಣ್ಣ

ನಿನ್ನೆ ಶಿವಮೊಗ್ಗದ ಕಾಲೇಜೊಂದಕ್ಕೆ ಪ್ರಾಜೆಕ್ಟ್ ಪರೀಕ್ಷಕನಾಗಿ ಹೋಗಿದ್ದೆ. ಆಗುಂಬೆ, ತೀರ್ಥಹಳ್ಳಿ, ಹೊಸನಗರ, ಸಾಗರ, ಶಿವಮೊಗ್ಗ, ಭದ್ರಾವತಿ ಎಂಬ ಆರು ಊರುಗಳ ತಿಂಗಳುವಾರು ಮಳೆಯ ಲೆಕ್ಕವನ್ನು ಹುಡುಗಿಯೊಬ್ಬಳು ಬಹಳ ಶ್ರಮಪಟ್ಟು ಕಲೆಹಾಕಿ, ಊರಿಗೊಂದು ಬಣ್ಣದ ಗೆರೆ ಎಳೆದು ಎಕ್ಸೆಲ್‌ನಲ್ಲಿ ನಕ್ಷೆ ಮಾಡಿದ್ದಳು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ನನ್ನ ಕೈಗೆ ಬಂದದ್ದು ಅದರ ಕಪ್ಪು-ಬಿಳುಪು ಜೆರಾಕ್ಸ್ ಪ್ರತಿ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆ ಎಲ್ಲಕ್ಕಿಂತ ಮೇಲೆ ನಿಂತಿದ್ದರಿಂದ ಗುರುತು ಸಿಕ್ಕಿತು; ಉಳಿದ ಊರುಗಳೆಲ್ಲ ಬೂದು ಬಣ್ಣದ ಒಂದೇ ಹಗ್ಗವಾಗಿ ಹೊಸೆದುಕೊಂಡಿದ್ದವು.

"ಇದರಲ್ಲಿ ಭದ್ರಾವತಿ ಯಾವುದಮ್ಮ?" ಎಂದೆ.

"ಹಸಿರು ಗೆರೆ, ಸಾರ್" ಎಂದಳು. ನನ್ನ ಕಾಗದದಲ್ಲಿ ಹಸಿರು ಎಂಬುದೇ ಇರಲಿಲ್ಲ.

ಅವಳನ್ನು ಬೈಯಲಾರೆ, ಎಕ್ಸೆಲ್ ತಾನಾಗಿ ಬಡಿಸಿದ್ದನ್ನು ಅವಳು ಉಂಡಿದ್ದಾಳೆ. 2023ರಲ್ಲಿ ಬದಲಾಗುವವರೆಗೂ ಎಕ್ಸೆಲ್‌ನಲ್ಲಿ ತಾನಾಗಿ ಬರುತ್ತಿದ್ದ ನೀಲಿ, ಕಿತ್ತಳೆ, ಬೂದು, ಚಿನ್ನದ ಹಳದಿ, ತಿಳಿನೀಲಿ, ಹಸಿರು ಎಂಬ ಆ ಆರು ಬಣ್ಣಗಳನ್ನು ನೋಡದವರಿಲ್ಲ. ಮನೆಗೆ ಬಂದವನೇ ಸಿಟ್ಟಿನಲ್ಲಿ ಲೆಕ್ಕ ಹಾಕಿದೆ: ಬಣ್ಣವನ್ನು ಬೂದಿಗೆ ಇಳಿಸುವ ಸಾಮಾನ್ಯ ಸೂತ್ರದಲ್ಲಿ, ಕಪ್ಪಿಗೆ 0, ಬಿಳಿಗೆ 255 ಎಂಬ ಅಳತೆಗೆ, ತಿಳಿನೀಲಿಯೂ ಹಸಿರೂ 143ರ ಆಸುಪಾಸಿನಲ್ಲಿ ಬರುತ್ತವೆ, ಕಿತ್ತಳೆ 150. ಐದನೆಯ ಸಾಲಿನ ಶಿವಮೊಗ್ಗವೂ ಆರನೆಯ ಸಾಲಿನ ಭದ್ರಾವತಿಯೂ ಒಂದಾಗಿ ಹೋದದ್ದು ಜೆರಾಕ್ಸ್ ಯಂತ್ರದ ತಪ್ಪಲ್ಲ.

ಬಣ್ಣದ ಪ್ರತಿ ಕೊಟ್ಟಿದ್ದರೂ ನನ್ನ ಪಾಡು ಹೆಚ್ಚು ಸುಧಾರಿಸುತ್ತಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನನಗೆ ಕೆಂಪು-ಹಸಿರು ಭೇದ ಅಷ್ಟಾಗಿ ತಿಳಿಯದು. ಚಿಕ್ಕಂದಿನಲ್ಲಿ ತೋಟಕ್ಕೆ ಹಣ್ಣಡಿಕೆ ಹೆಕ್ಕಲು ಕಳಿಸಿದರೆ ಹಸಿರಡಿಕೆಯನ್ನೂ ಬುಟ್ಟಿಗೆ ತುಂಬಿಕೊಂಡು ಬರುತ್ತಿದ್ದೆ. ಅಪ್ಪಯ್ಯ ಅದನ್ನು ಸೋಮಾರಿತನವೆಂದೇ ಕೊನೆಯವರೆಗೂ ನಂಬಿದ್ದರು. ಎಕ್ಸೆಲ್‌ನ ಕಿತ್ತಳೆಯೂ ಹಸಿರೂ ಅಕ್ಕಪಕ್ಕ ಬಂದಾಗ ನನಗೆ ಇಂದಿಗೂ ಆ ಬುಟ್ಟಿಯೇ ನೆನಪಾಗುತ್ತದೆ.

"ದತ್ತಾಂಶ ಸರಿಯಿದ್ದರೆ ಸಾಕಲ್ಲವೇ, ಬಣ್ಣದ ಚಿಂತೆ ರಂಗೋಲಿ ಹಾಕುವವರಿಗಿರಲಿ" ಎಂದರು ಪಕ್ಕದಲ್ಲಿದ್ದ ಹಿರಿಯ ಪರೀಕ್ಷಕರು. ರಂಗೋಲಿ ಹಾಕುವ ಯಾವ ಹೆಂಗಸೂ ಬೇರೆಯಾಗಿ ಕಾಣಬೇಕಾದ ಎರಡು ಎಳೆಗೆ ಒಂದೇ ಬಣ್ಣ ಸುರಿಯುವುದಿಲ್ಲ ಎಂದು ಹೇಳಬೇಕೆನಿಸಿತು. ಚಹಾ ಬಂದದ್ದರಿಂದ ಸುಮ್ಮನಾದೆ.

ಈ ಬಣ್ಣಗಳನ್ನು ಬದಲಿಸಲು ಬೇಕಾದ ಶ್ರಮವಾದರೂ ಎಷ್ಟು? ಎಕ್ಸೆಲ್‌ನ ಪೇಜ್ ಲೇಔಟಿನಲ್ಲಿ ಕಲರ್ಸ್ ತೆರೆದು, ಕಸ್ಟಮೈಸ್ ಕಲರ್ಸ್ ಒತ್ತಿ, ನಕ್ಷೆಯ ಗೆರೆಗಳಿಗೆ ಬರುವ ಆರು ಆ್ಯಕ್ಸೆಂಟ್ ಬಣ್ಣಗಳನ್ನು ಬದಲಿಸಿ ಒಂದು ಹೆಸರಿಟ್ಟು ಉಳಿಸಿದರೆ ಮುಂದಿನ ಕಡತಗಳಲ್ಲಿಯೂ ಅದನ್ನೇ ಆರಿಸಿಕೊಳ್ಳಬಹುದು. ಸಿದ್ಧವಾದ ಚಾರ್ಟಿನ ಮೇಲೆ ಬಲಗುಂಡಿ ಒತ್ತಿ ಸೇವ್ ಆ್ಯಸ್ ಟೆಂಪ್ಲೇಟ್ ಎಂದರೆ ಗೆರೆಯ ದಪ್ಪ, ಅಕ್ಷರದ ಗಾತ್ರವೂ ಉಳಿಯುತ್ತವೆ. ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಟೂಲ್ಸ್, ಆಪ್ಷನ್ಸ್, ಚಾರ್ಟ್ಸ್ ಎಂದು ಹೋದರೆ ತಾನಾಗಿ ಬರುವ ಬಣ್ಣಗಳನ್ನೇ ಬದಲಾಯಿಸಬಹುದು. ಯಾವ ಬಣ್ಣವೆಂದು ತಲೆ ಕೆಡಿಸಿಕೊಳ್ಳಬೇಕಾಗಿಯೂ ಇಲ್ಲ; ಜಪಾನಿನ ಒಕಾಬೆ ಮತ್ತು ಇತೊ ಎಂಬ ವಿಜ್ಞಾನಿಗಳು ನನ್ನಂಥವರ ಕಣ್ಣಿಗೂ ಬೇರೆಬೇರೆಯಾಗಿ ತೋರುವ ಎಂಟು ಬಣ್ಣಗಳನ್ನು ಆರಿಸಿಕೊಟ್ಟಿದ್ದಾರೆ. ಅದರ ನೀಲಿಗೆ ಕೆಂಪು, ಹಸಿರು, ನೀಲಿಯ ಖಾನೆಗಳಲ್ಲಿ ಕ್ರಮವಾಗಿ 0, 114, 178 ಎಂದು ತುಂಬಿದರೆ ಮುಗಿಯಿತು. ಜೆರಾಕ್ಸಿಗೆ ಹೋಗುವ ನಕ್ಷೆಯಾದರೆ ಬಣ್ಣವನ್ನಷ್ಟೇ ನಂಬದೆ ಒಂದು ಗೆರೆಯನ್ನು ತುಂಡು ತುಂಡಾಗಿಸಿ, ಇನ್ನೊಂದಕ್ಕೆ ಚೌಕದ ಗುರುತು ಇಟ್ಟು, ಊರಿನ ಹೆಸರನ್ನು ಗೆರೆಯ ತುದಿಯಲ್ಲಿಯೇ ಬರೆಯಬೇಕು.

ಇಷ್ಟೆಲ್ಲ ಉಪದೇಶ ಮಾಡುವ ನಾನು ಎಕ್ಸೆಲ್ 2003ರ ಕಾಲದಲ್ಲಿ ಪ್ರಬಂಧ ಬರೆದವನು. ಆಗ ಮೂರನೆಯ ಗೆರೆ ಅಚ್ಚ ಹಳದಿಯಾಗಿರುತ್ತಿತ್ತು. ಹಿಂದಿನ ಬೂದು ಹಿನ್ನೆಲೆಯನ್ನು ತೆಗೆದು ಬಿಳಿ ಕಾಗದಕ್ಕೆ ಇಳಿಸಿದಾಗ ತುಂಗೆಯ ಮೂರನೆಯ ಕೇಂದ್ರದ ನೀರಿನ ಮಟ್ಟ ಕಾಣದೇ ಹೋಯಿತು. ಪುಟ 41ರಲ್ಲಿ ಯಾರೋ ಪೆನ್ಸಿಲಿನಿಂದ "ಮೂರನೆಯದು ಎಲ್ಲಿ?" ಎಂದು ಬರೆದಿಟ್ಟಿದ್ದಾರೆ.

ನನ್ನ ಟೆಂಪ್ಲೇಟ್ ಬೇಕಾದವರು ಕೇಳಿ, ಕಳಿಸುತ್ತೇನೆ. ಒಕಾಬೆ-ಇತೊ ಪಟ್ಟಿಯಲ್ಲಿ ಹಳದಿಯೂ ಇದೆ. ನಾನು ಅದನ್ನು ತೆಗೆದುಹಾಕಿದ್ದೇನೆ.